ಹೇಮಾವತಿ ಹಿನ್ನೀರಲ್ಲಿ ಮುಳುಗಿದ ಊರು: ಹಳೇ ಗೆಜೆಟ್ ಯಾವ ಲೈಬ್ರರಿಯಲ್ಲಿ ಸಿಗುತ್ತದೆ?

ಹಿನ್ನೀರ ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮ ತಾತನ ಊರು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ಶೆಟ್ಟಿಹಳ್ಳಿ ಚರ್ಚ್ ನೋಡಲು ಜನ ಹೋಗ್ತಾರಲ್ಲ, ಆ ಕಡೆ ಹೋದಾಗಲೆಲ್ಲ ನಮ್ಮಮ್ಮ ನೀರಿನತ್ತ ಕೈ ಮಾಡಿ "ಅಲ್ಲೆಲ್ಲೋ ನಮ್ಮನೆ" ಅನ್ನುತ್ತಾರೆ. ನಮಗೆ ಉಳಿದಿರುವುದು ಅಷ್ಟೇ. ಪಟ್ಟೆ ಪುಸ್ತಕ, ಕಂದಾಯದ ರಸೀದಿ ಏನೂ ಇಲ್ಲ. ಪರಿಹಾರ ತಗೊಂಡು ಊರು ಬಿಟ್ಟ ಮೇಲೆ ಮೂರು ಮನೆ ಬದಲಾಯಿಸಿದರು. ಅಷ್ಟರಲ್ಲಿ ಕಾಗದವೆಲ್ಲ ಟ್ರಂಕಿನ ಸಮೇತ ಹೋಯಿತು.

ಅಮ್ಮನಿಗೆ ಈ ವರ್ಷ 75. ಮನೆಯವರೆಲ್ಲ ಸೇರುವ ದಿನಕ್ಕೆ ಊರಿನ ಬಗ್ಗೆ ಒಂದು ಸಣ್ಣ ಪುಸ್ತಿಕೆ ಮಾಡೋಣ ಅಂತ ಹೊರಟಿದ್ದೇನೆ. ಸರ್ಕಾರ ಜಮೀನು ತಗೊಂಡಾಗ ಗೆಜೆಟ್‌ನಲ್ಲಿ ಹೆಸರು ಹಾಕಿರುತ್ತದೆ ಅಂತ ಯಾರೋ ಹೇಳಿದರು. ಒಂದು ಗ್ರಂಥಾಲಯಕ್ಕೆ ಹೋಗಿ "ಹಾಸನದ ಹಳೇ ಗೆಜೆಟ್ ಕೊಡಿ" ಅಂದೆ. ಇಟ್ಟಿಗೆ ಗಾತ್ರದ ಇಂಗ್ಲಿಷ್ ಪುಸ್ತಕ ಕೊಟ್ಟರು. ಎರಡು ಗಂಟೆ ತಿರುವಿ ಹಾಕಿದೆ. ಹೊಯ್ಸಳರು, ಕಾಫಿ, ಆಲೂಗೆಡ್ಡೆ, ಮಳೆ ಎಲ್ಲಾ ಇದೆ. ತಾತ ಇಲ್ಲ. ನಾನೇನಾದರೂ ತಪ್ಪು ಪುಸ್ತಕ ನೋಡಿದೆನಾ?

ಮಂಜ್ರಾಬಾದಿ:
ಹೌದು, ತಪ್ಪು ಪುಸ್ತಕ 🙂 ಅದು ಗೆಜೆಟಿಯರ್. ನಿಮಗೆ ಬೇಕಾದದ್ದು ಗೆಜೆಟ್, ಅಂದರೆ ರಾಜ್ಯಪತ್ರ. ಹೆಸರು ಹತ್ತಿರ ಇದೆ, ಕೆಲಸ ಬೇರೆ ಬೇರೆ. ಗೆಜೆಟಿಯರ್ ಜಿಲ್ಲೆಯ ಪರಿಚಯ ಪುಸ್ತಕ. ಹಾಸನದ್ದು 1971ರಲ್ಲಿ ಬಂತು, ಚಿಕ್ಕಮಗಳೂರಿನದ್ದು 1981ರಲ್ಲಿ. ರಾಜ್ಯಪತ್ರ ಪ್ರತಿ ಗುರುವಾರ ಬರುವ ಸರ್ಕಾರದ ಪತ್ರಿಕೆ. ಅರ್ಜೆಂಟ್ ಇದ್ದರೆ ಮಧ್ಯೆ ವಿಶೇಷ ಸಂಚಿಕೆ ಬರುತ್ತದೆ. ಕಾಯ್ದೆ, ನಿಯಮ, ನೇಮಕಾತಿ, ಭೂಸ್ವಾಧೀನ ಎಲ್ಲ ಅದರಲ್ಲೇ. ನಿಮ್ಮ ತಾತ ಇದ್ದರೆ ಅಲ್ಲಿರಬೇಕು.

ಅರಸೀಕೆರೆ ಕಾಯಿ:
ಬಿಡಿ ಸ್ವಾಮಿ, ಐವತ್ತು ವರ್ಷದ ಹಿಂದಿನ ಪೇಪರ್ ಯಾರು ಇಟ್ಟಿರ್ತಾರೆ. ಗೆದ್ದಲು ತಿಂದು ತೇಗಿರುತ್ತದೆ. ನಾನು ಒಂದು ಕಡೆ ಹಳೇ ಸರ್ಕಾರಿ ವರದಿ ಕೇಳಿದ್ದಕ್ಕೆ "ಅದೆಲ್ಲ ಗೋಡೌನಲ್ಲಿದೆ, ಬೀಗದ ಕೈ ಇರೋರು ರಜೆ" ಅಂದರು. ಮೂರು ಸಲ ಹೋದೆ. ಮೂರು ಸಲವೂ ರಜೆ.

ನಿವೃತ್ತ ಗ್ರಂಥಪಾಲಕಿ:
ಕಾಯಿಯವರೇ, ನಿಮ್ಮ ಕಥೆ ಸುಳ್ಳು ಅನ್ನುವುದಿಲ್ಲ. ನಾನೂ ಆ ಬೀಗದ ಕೈ ಇಟ್ಟುಕೊಂಡಿದ್ದವಳೇ. ಆದರೆ ಹಿನ್ನೀರಿನವರು ಈಗಲೇ ಕೈ ಚೆಲ್ಲುವುದು ಬೇಡ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸರ್ಕಾರದ ಪುಸ್ತಕ ಹುಡುಕುವವರು ಬಹಳ ಜನ ಒಂದೇ ಕಡೆ ಎಡವುತ್ತಾರೆ. ಕಥೆ ಕಾದಂಬರಿ ಕೇಳಿದ ಹಾಗೆ ಪುಸ್ತಕದ ಹೆಸರು ಕೇಳುತ್ತಾರೆ. ಸರ್ಕಾರದ ಪುಸ್ತಕಕ್ಕೆ ಹೆಸರು ಅಷ್ಟು ಮುಖ್ಯ ಅಲ್ಲ. ಯಾವ ಇಲಾಖೆ, ಯಾವ ವರ್ಷ, ಯಾವ ಸರಣಿ ಎಂದು ಕೇಳಬೇಕು. ನಾವು ಕ್ಯಾಟಲಾಗ್ ಮಾಡುವಾಗ ಲೇಖಕರ ಜಾಗದಲ್ಲಿ ಬರೆಯುವುದು ಸರ್ಕಾರ ಅಥವಾ ಇಲಾಖೆಯ ಹೆಸರನ್ನು. ಅದರಲ್ಲೂ ಆ ಕಾಲಕ್ಕೆ ಇದ್ದ ಹೆಸರು. ನಮ್ಮ ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಅದಕ್ಕೆ ಮುಂಚಿನ ರಾಜ್ಯಪತ್ರ ಬೇಕೆಂದರೆ "ಕರ್ನಾಟಕ" ಅಂತ ಹುಡುಕಿದರೆ ಏನೂ ಸಿಗದು. "ಮೈಸೂರು" ಅಂತ ಹುಡುಕಿ. ಎಷ್ಟೋ ಜನ "ಇಲ್ಲ ಅಂದರು" ಅಂತ ವಾಪಸ್ ಹೋಗುತ್ತಾರೆ. ಇಲ್ಲದ್ದು ಪುಸ್ತಕ ಅಲ್ಲ, ಆ ಹೆಸರು.

ಇನ್ನು ಎಲ್ಲಿ ಅಂದರೆ, ನಮ್ಮ ಕಡೆಯ ಶಾಖಾ ಗ್ರಂಥಾಲಯಗಳಲ್ಲಿ ರಾಜ್ಯಪತ್ರದ ಹಳೇ ಸಂಪುಟಗಳನ್ನು ನಿರೀಕ್ಷೆ ಮಾಡಬೇಡಿ. ಜಾಗವೇ ಇರುವುದಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಕೆಂಪು ಕಟ್ಟಡ ಇದೆಯಲ್ಲ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಅದೇ ರಾಜ್ಯ ಕೇಂದ್ರ ಗ್ರಂಥಾಲಯ. ಅಲ್ಲಿಂದ ಶುರು ಮಾಡಿ. ಅಲ್ಲಿ ಆಗದಿದ್ದರೆ ರಾಜ್ಯ ಪತ್ರಾಗಾರ ಇಲಾಖೆ, ವಿಕಾಸ ಸೌಧದಲ್ಲಿ. ಹೊಸ ಸಂಚಿಕೆಗಳು ಇ-ರಾಜ್ಯಪತ್ರ ಜಾಲತಾಣದಲ್ಲೇ ಸಿಗುತ್ತವೆ, ಆದರೆ ನಿಮ್ಮದು ಅಷ್ಟು ಹೊಸದಲ್ಲ.

ಕೂತು ಓದುವುದಕ್ಕೆ ಸದಸ್ಯತ್ವ ಬೇಡ, ದುಡ್ಡೂ ಬೇಡ. ಸದಸ್ಯತ್ವ ಬೇಕಾಗುವುದು ಪುಸ್ತಕ ಮನೆಗೆ ಒಯ್ಯಲು. ಇಂಥ ಸಂಪುಟ ಮನೆಗೆ ಕೊಡುವುದಿಲ್ಲ, ಪರಾಮರ್ಶನ ವಿಭಾಗದಲ್ಲೇ ಕೂತು ನೋಡಬೇಕು.

ಹಿನ್ನೀರ ದಂಡೆ:
ಮೇಡಂ, ತುಂಬಾ ಉಪಕಾರ ಆಯಿತು. ಒಂದೇ ಭಯ. ವಾರಕ್ಕೊಂದು ಸಂಚಿಕೆ ಅಂದರೆ ವರ್ಷಕ್ಕೆ 52. ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೂ ಎಷ್ಟು ವರ್ಷ ಮುಂಚೆ ಜಮೀನು ತಗೊಂಡರೋ ಗೊತ್ತಿಲ್ಲ. ಹತ್ತು ವರ್ಷದ ಸಂಚಿಕೆ ನೋಡುವುದು ನನ್ನ ಕೈಲಿ ಆಗುವ ಕೆಲಸವಾ?

ತರೀಕೆರೆ ತಿರುಗಾಟ:
ಇದನ್ನೇ ಕೇಳೋಣ ಅಂತಿದ್ದೆ. ನಮ್ಮದೂ ಇದೇ ಹಾಡು, ಆದರೆ ಭದ್ರಾ. ಲಕ್ಕವಳ್ಳಿ ಡ್ಯಾಮಿನ ಒಳಗೆ ನಮ್ಮ ಹಿರಿಯರ ಜಮೀನಿದೆ. ಚಿಕ್ಕಮಗಳೂರಲ್ಲಿ ಹುಡುಕಿ ಹುಡುಕಿ ಸಾಕಾಯಿತು.

ನಿವೃತ್ತ ಗ್ರಂಥಪಾಲಕಿ:
ತಿರುಗಾಟದವರೇ, ನೀವು ಎಷ್ಟು ಹಿಂದೆ ಹೋಗುತ್ತೀರಿ ಎನ್ನುವುದರ ಮೇಲೆ ಇದೆ. 1947ಕ್ಕೂ ಮುಂಚಿನದ್ದಾದರೆ ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರೇ ಇಲ್ಲ. ಕಡೂರು ಜಿಲ್ಲೆ ಅಂತ ಕೇಳಿ. ನಮ್ಮ ಮಂಜ್ರಾಬಾದಿಯವರ ಅಡ್ಡಹೆಸರು ನೋಡಿದಿರಲ್ಲ? ಅದು ಸಕಲೇಶಪುರ ತಾಲ್ಲೂಕಿನ ಹಳೇ ಹೆಸರು.

ಮಂಜ್ರಾಬಾದಿ:
ಮೇಡಂ ಕಂಡುಹಿಡಿದುಬಿಟ್ಟರು 😄 ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳಲ್ಲೂ ಹಾಗೆಯೇ. ಹಾಸನದ್ದು ಐದನೇ ಸಂಪುಟ, 1902. ಅದರಲ್ಲಿ ಸಕಲೇಶಪುರ ಹುಡುಕಿದರೆ ಸಿಗಲ್ಲ, ಮಂಜ್ರಾಬಾದ್ ಇದೆ. ಆರನೇ ಸಂಪುಟ 1901ರದ್ದು, ಅದು "ಕಡೂರು ಜಿಲ್ಲೆ"ಯ ಶಾಸನಗಳು. ಚಿಕ್ಕಮಗಳೂರಿನ ಎಷ್ಟೋ ಹುಡುಗರು ಅದನ್ನು ಕಡೂರು ತಾಲ್ಲೂಕಿನ ಪುಸ್ತಕ ಅಂದುಕೊಂಡು ಬಿಟ್ಟು ಹೋಗ್ತಾರೆ.

ಇನ್ನೊಂದು ತಮಾಷೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ರೈಸ್ ಸಂಪುಟದಲ್ಲಿ ಹುಡುಕುವವರನ್ನು ನೋಡಿದ್ದೇನೆ. ಅಲ್ಲಿ ಇರೋಕೆ ಸಾಧ್ಯವೇ ಇಲ್ಲ. ಎಂ.ಎಚ್. ಕೃಷ್ಣ ಅದನ್ನು ಗುರುತಿಸಿದ್ದು ಆ ಸಂಪುಟ ಬಂದು ಮೂವತ್ತು ವರ್ಷ ದಾಟಿದ ಮೇಲೆ. ಅದು ಇರುವುದು ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ. ಕನ್ನಡದ ಅಷ್ಟು ಹಳೇ ಶಾಸನ ಒಂದು ಸರ್ಕಾರಿ ಇಲಾಖೆಯ ವರ್ಷದ ವರದಿಯೊಳಗೆ ಕೂತಿದೆ, ಅಲ್ವಾ? "ವಾರ್ಷಿಕ ವರದಿ" ಅಂದ ತಕ್ಷಣ ನಾವು ಪುಟ ಮಗುಚುತ್ತೇವೆ.

ಕೋರ್ಟು ಕಚೇರಿ:
ಹಿನ್ನೀರಿನವರೇ, ಹತ್ತು ವರ್ಷ ನೋಡುವುದು ಬೇಡ. ಮೊದಲು ದಿನಾಂಕ ಹಿಡಿಯಿರಿ, ಆಮೇಲೆ ಲೈಬ್ರರಿಗೆ ಹೋಗಿ.

ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದರಲ್ಲಿ ಎರಡು ಸಲ ರಾಜ್ಯಪತ್ರದಲ್ಲಿ ಬರಬೇಕು. ಮೊದಲು ಕಲಂ 4(1)ರ ಪ್ರಾಥಮಿಕ ಅಧಿಸೂಚನೆ, ಆಮೇಲೆ ಕಲಂ 6ರ ಘೋಷಣೆ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ.

ದಿನಾಂಕ ಹಿಡಿಯುವುದು ಹೇಗೆ? ನಿಮ್ಮ ಊರಿನವರು ಯಾರಾದರೂ ಪರಿಹಾರ ಸಾಲದು ಅಂತ ಕೋರ್ಟಿಗೆ ಹೋಗಿದ್ದರಾ? ಹೋಗಿಯೇ ಇರ್ತಾರೆ. ಆ ಕಾಯ್ದೆಯಲ್ಲಿ ಜಮೀನಿಗೆ ಬೆಲೆ ಕಟ್ಟುವುದು 4(1) ಅಧಿಸೂಚನೆ ಪ್ರಕಟವಾದ ದಿನದ ಲೆಕ್ಕಕ್ಕೆ. ಹಾಗಾಗಿ ತೀರ್ಪಿನ ಮೊದಲ ಪುಟದಲ್ಲೇ ಆ ದಿನಾಂಕ ಬರೆದಿರುತ್ತದೆ. ನಿಮ್ಮ ಮನೆಯ ಕಾಗದ ಹೋದರೇನು, ಪಕ್ಕದ ಮನೆಯವರದ್ದು ಇದ್ದರೂ ಸಾಕು. ಒಂದು ಊರಿನ ಜಮೀನು ಸಾಮಾನ್ಯವಾಗಿ ಒಂದೆರಡು ಅಧಿಸೂಚನೆಯಲ್ಲೇ ಮುಗಿದಿರುತ್ತದೆ.

ಅದೂ ಆಗಲಿಲ್ಲ ಅಂದರೆ ಭೂಸ್ವಾಧೀನಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪ್ರತಿ ಬೇಕಾದರೆ ಪುಟಕ್ಕೆ 2 ರೂಪಾಯಿ. "ಎಲ್ಲಾ ದಾಖಲೆ ಕೊಡಿ" ಅಂತ ಬರೆಯಬೇಡಿ, ಅವರು ಸುಮ್ನೆ ಅಲೆಸುತ್ತಾರೆ. "ಇಂಥ ಗ್ರಾಮಕ್ಕೆ ಸಂಬಂಧಿಸಿದ 4(1) ಮತ್ತು 6(1) ಅಧಿಸೂಚನೆಗಳ ಸಂಖ್ಯೆ ಮತ್ತು ದಿನಾಂಕ" ಅಂತ ಒಂದೇ ಸಾಲು ಕೇಳಿ.

ಅರಸೀಕೆರೆ ಕಾಯಿ:
ಇದು ಮಾತ್ರ ಒಳ್ಳೇ ಐಡಿಯಾ, ಒಪ್ಪಿದೆ. ಆದರೂ ನನ್ನ ಹೊಟ್ಟೆಯುರಿ ಹೇಳಿಯೇ ತೀರುತ್ತೇನೆ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತ 6 ಪರ್ಸೆಂಟ್ ಪ್ರತಿ ವರ್ಷ ಕಟ್ಟುತ್ತಿದ್ದೇನೆ. ನಮ್ಮ ದುಡ್ಡಲ್ಲಿ ನಡೆಯುವ ಲೈಬ್ರರಿ, ನಮ್ಮ ದುಡ್ಡಲ್ಲಿ ಅಚ್ಚಾದ ಪುಸ್ತಕ. ಅದನ್ನು ನೋಡೋಕೆ ನಾವೇ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಾ?

ನಿವೃತ್ತ ಗ್ರಂಥಪಾಲಕಿ:
ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ನಿಮ್ಮ ಸಿಟ್ಟು ನ್ಯಾಯವೇ. ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಆ ಕರ ಕೂಡ ಅದರಿಂದಲೇ. ಆದರೆ ಕರದ ದುಡ್ಡನ್ನು ವಸೂಲಿ ಮಾಡುವವರು ಸ್ಥಳೀಯ ಸಂಸ್ಥೆಯವರು. ಅದು ಗ್ರಂಥಾಲಯಕ್ಕೆ ಪೂರ್ತಿ, ಹೊತ್ತಿಗೆ ಸರಿಯಾಗಿ ಬಂದು ಸೇರುವುದು ಎನ್ನುವುದು ನಾನು ಕೆಲಸದಲ್ಲಿದ್ದಷ್ಟು ದಿನವೂ ಒಂದು ಕನಸು. ಬಂದ ದುಡ್ಡಲ್ಲಿ ದಿನಪತ್ರಿಕೆ, ಮಕ್ಕಳ ಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ತರುವಷ್ಟರಲ್ಲಿ ಮುಗಿಯುತ್ತಿತ್ತು. ಹಳೇ ವರದಿಗೆ ಬೈಂಡಿಂಗ್ ಮಾಡಿಸಿ ಅಂತ ಕೇಳಿದರೆ "ಅದನ್ನು ಯಾರು ಓದ್ತಾರೆ ಮೇಡಂ" ಅನ್ನುತ್ತಿದ್ದರು. ಓದುವವರು ಈಗ ಬಂದಿದ್ದಾರೆ ನೋಡಿ.

ಒಂದು ಸಣ್ಣ ವಿಷಯ. ಮಾಹಿತಿ ಹಕ್ಕು ಕಾಯ್ದೆಯ ಕಲಂ 4ರಲ್ಲಿ ಪ್ರತಿ ಕಚೇರಿ ತಾನಾಗಿಯೇ ಪ್ರಕಟಿಸಬೇಕಾದ ವಿವರಗಳ ಪಟ್ಟಿ ಇದೆ. ಅದರಲ್ಲಿ ಸಾರ್ವಜನಿಕರಿಗೆ ಗ್ರಂಥಾಲಯ ಅಥವಾ ವಾಚನಾಲಯ ಇಟ್ಟಿದ್ದರೆ ಅದರ ಸಮಯವನ್ನೂ ಹೇಳಬೇಕು ಅಂತ ಇದೆ. ಕಚೇರಿಗೆ ಹೋದಾಗ "ನಿಮ್ಮ ಲೈಬ್ರರಿ ಎಷ್ಟು ಹೊತ್ತಿಗೆ ತೆಗೆಯುತ್ತೀರಿ" ಅಂತ ಕೇಳಿ ನೋಡಿ, ಮುಖ ನೋಡುವ ಹಾಗಿರುತ್ತದೆ.

ಕೆಆರ್ ಪುರಂ ಬಾಡಿಗೆ ಮನೆ:
ಹಾಸನದ ಕೆಆರ್ ಪುರಂ, ಬೆಂಗಳೂರಿನದ್ದಲ್ಲ 🙂 ನಾನು ಪರೀಕ್ಷೆಗೆ ಓದುತ್ತಿರುವವಳು. ಸರ್ಕಾರದ ಆರ್ಥಿಕ ಸಮೀಕ್ಷೆ, "ಜಿಲ್ಲಾ ಅಂಕಿ ಅಂಶಗಳ ನೋಟ", ವಾರ್ತಾ ಇಲಾಖೆಯ "ಜನಪದ" ಮಾಸಪತ್ರಿಕೆ ಇವನ್ನೇ ನಂಬಿಕೊಂಡಿದ್ದೇನೆ. ಅಂಕಿ ಅಂಶದ ಪುಸ್ತಕ ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿ ಕಚೇರಿಯಿಂದ ಬರುತ್ತದೆ. ಹಿನ್ನೀರಿನ ಅಣ್ಣ, ನಿಮ್ಮ ಪುಸ್ತಿಕೆಗೆ ಜನಗಣತಿ ಕೈಪಿಡಿ ನೋಡಿದಿರಾ? 1961ರ ಹಾಸನ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ತಾಲ್ಲೂಕುವಾರು ಪ್ರತಿ ಹಳ್ಳಿಯ ಹೆಸರು, ವಿಸ್ತೀರ್ಣ, ಜನ ಎಷ್ಟು ಅಂತ ಇರುತ್ತದೆ. ಡ್ಯಾಮ್ ಆಗುವ ಮುಂಚಿನ ಲೆಕ್ಕ ಅಲ್ವಾ, ನಿಮ್ಮ ಊರು ಇರಲೇಬೇಕು. ಜನಗಣತಿ ಇಲಾಖೆಯ ಜಾಲತಾಣದಲ್ಲೂ ಹಳೇ ಕೈಪಿಡಿಗಳಿವೆ, ಮನೆಯಲ್ಲೇ ನೋಡಬಹುದು.

ಹಿನ್ನೀರ ದಂಡೆ:
ತಂಗಿ, ನಿನಗೆ ಎಷ್ಟು ಹೇಳಿದರೂ ಸಾಲದು. ರಾತ್ರಿಯೇ ಹುಡುಕಿದೆ. ಊರು ಇದೆ! ಎಷ್ಟು ಮನೆ, ಗಂಡಸರೆಷ್ಟು, ಹೆಂಗಸರೆಷ್ಟು, ಓದು ಬಂದವರೆಷ್ಟು, ಎಲ್ಲಾ ಒಂದೇ ಸಾಲಿನಲ್ಲಿ. ಅಮ್ಮನಿಗೆ ಓದಿ ಹೇಳಿದೆ. "ಆ ಹೆಂಗಸರ ಲೆಕ್ಕದಲ್ಲಿ ನಾನೂ ಒಬ್ಬಳು" ಅಂದರು. ಅವರಿಗೆ ಆಗ ಹತ್ತು ಹನ್ನೊಂದು ವರ್ಷ.

ಕೋರ್ಟು ಕಚೇರಿ ಸರ್ ಹೇಳಿದ ಹಾಗೆ ದೊಡ್ಡಮ್ಮನ ಮಗನನ್ನು ಕೇಳಿದ್ದೇನೆ. ಅವರ ಮಾವನವರು ಕೋರ್ಟಿಗೆ ಹೋಗಿದ್ದರಂತೆ. ಅಟ್ಟದ ಮೇಲೆ ನೋಡ್ತೀನಿ ಅಂದಿದ್ದಾರೆ.

ತರೀಕೆರೆ ತಿರುಗಾಟ:
ನಮ್ಮದೂ ಜನಗಣತಿಯಲ್ಲಿ ಸಿಕ್ಕಿತು, ಆದರೆ 1951ರದ್ದರಲ್ಲಿ. 1961ರ ಪಟ್ಟಿಯಲ್ಲಿ ಊರಿನ ಮುಂದೆ ಜನಸಂಖ್ಯೆಯೇ ಇಲ್ಲ. ಖಾಲಿ ಜಾಗ ನೋಡಿ ಒಂಥರಾ ಆಯಿತು.

ಹಿನ್ನೀರ ದಂಡೆ:
ಎಂಟು ದಿನ ಆಯಿತು, ಸುದ್ದಿ ಹೇಳುತ್ತೇನೆ. ಅಟ್ಟದಲ್ಲಿ ತೀರ್ಪಿನ ಪ್ರತಿ ಸಿಕ್ಕಿತು. ಮೊದಲ ಪುಟದಲ್ಲೇ 4(1) ದಿನಾಂಕ! ಖುಷಿಗೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಕಬ್ಬನ್ ಪಾರ್ಕ್ ತಲುಪಿದರೆ ಬಾಗಿಲು ಹಾಕಿದೆ. ಸೋಮವಾರ.

ನಿವೃತ್ತ ಗ್ರಂಥಪಾಲಕಿ:
ಅಯ್ಯೋ! ಸೋಮವಾರ ಗ್ರಂಥಾಲಯಕ್ಕೆ ರಜೆ ಅಂತ ಹೇಳಲೇ ಇಲ್ಲವಲ್ಲ ನಾನು. ನಲವತ್ತು ವರ್ಷ ಅದೇ ರಜೆಯಲ್ಲಿ ಬದುಕಿದವಳಿಗೆ ಅದು ಎಲ್ಲರಿಗೂ ಗೊತ್ತಿರುತ್ತೆ ಅಂತ ಅನ್ನಿಸಿಬಿಟ್ಟಿತ್ತು. ಕ್ಷಮಿಸಿ.

ಅರಸೀಕೆರೆ ಕಾಯಿ:
ನನಗೆ ಮಾತ್ರ ಸಿಕ್ಕಾಪಟ್ಟೆ ಸಮಾಧಾನ ಆಯಿತು. ಬೀಗ ನೋಡಿದವನು ನಾನೊಬ್ಬನೇ ಅಲ್ಲ.

ಮಂಜ್ರಾಬಾದಿ:
ಅಲ್ಲೇ ಉಳಿದುಕೊಂಡಿರಾ, ವಾಪಸ್ ಬಂದಿರಾ?

ಹಿನ್ನೀರ ದಂಡೆ:
ತಮ್ಮನ ಮನೆಯಲ್ಲಿ ಉಳಿದು ಮಾರನೇ ದಿನ ಮತ್ತೆ ಹೋದೆ. ಮೇಡಂ ಹೇಳಿಕೊಟ್ಟ ಹಾಗೆ "ಮೈಸೂರು ರಾಜ್ಯಪತ್ರ, ಇಂಥ ವರ್ಷ, ಇಂಥ ತಿಂಗಳು" ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಅಲ್ಲಿದ್ದವರು ಚೀಟಿ ನೋಡಿ "ಇಷ್ಟು ಸರಿಯಾಗಿ ಯಾರೂ ಕೇಳಲ್ಲ" ಅಂದರು. ದಪ್ಪ ಬೈಂಡು, ಎರಡು ಕೈಯಲ್ಲಿ ಎತ್ತಬೇಕು. ಹಾಳೆ ತಿರುವಿದರೆ ಅಂಚು ಪುಡಿ ಪುಡಿ. ಉಗುರಿನ ತುದಿಯಲ್ಲಿ ತಿರುವಿದೆ.

ತೀರ್ಪಿನಲ್ಲಿದ್ದ ದಿನಾಂಕದ ಸಂಚಿಕೆಯಲ್ಲೇ ಇತ್ತು. ಮೇಲೆ ತಾಲ್ಲೂಕು, ಹೋಬಳಿ, ಗ್ರಾಮ. ಕೆಳಗೆ ಕೋಷ್ಟಕ. ಖಾತೆದಾರರ ಹೆಸರು, ಸರ್ವೆ ನಂಬರ್, ಎಕರೆ ಗುಂಟೆ, ಚಕ್ಕುಬಂದಿ (ಜಮೀನಿನ ನಾಲ್ಕೂ ಕಡೆ ಏನಿದೆ ಅನ್ನುವ ಗಡಿ ವಿವರ). ತಾತನ ಹೆಸರು ಹದಿನಾಲ್ಕನೇ ಸಾಲಿನಲ್ಲಿ. ಒಂದು ಅಕ್ಷರ ತಪ್ಪಾಗಿದೆ, ಆದರೆ ಅವರಪ್ಪನ ಹೆಸರು ಸರಿಯಾಗಿದೆ, ಅನುಮಾನವೇ ಇಲ್ಲ.

ಒಂದು ನಗುವ ವಿಷಯ. ನಮ್ಮ ಮನೆಯಲ್ಲಿ ಮೊದಲಿನಿಂದಲೂ "ಹತ್ತೆಕರೆ ಗದ್ದೆ ಮುಳುಗಿತು" ಅಂತಲೇ ಹೇಳುತ್ತಿದ್ದರು. ರಾಜ್ಯಪತ್ರದಲ್ಲಿ ಇರುವುದು 2 ಎಕರೆ 17 ಗುಂಟೆ ತರಿ (ಗದ್ದೆ), 1 ಎಕರೆ 5 ಗುಂಟೆ ಖುಷ್ಕಿ (ಮಳೆ ನಂಬಿದ ಹೊಲ). ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. "ಸರ್ಕಾರದವರು ತಪ್ಪು ಬರೆದಿದ್ದಾರೆ" ಅಂದರು.

ಕೆಆರ್ ಪುರಂ ಬಾಡಿಗೆ ಮನೆ:
ಚಿಕ್ಕಪ್ಪಂದಿರೆಲ್ಲ ಒಂದೇ 😂

ಹಿನ್ನೀರ ದಂಡೆ:
ಒಂದು ಕಾನೂನಿನ ಪ್ರಶ್ನೆ. ಅವರನ್ನು ಕೇಳಿ ಪುಟದ ಫೋಟೊ ತೆಗೆದುಕೊಂಡೆ. ನಮ್ಮ ಪುಸ್ತಿಕೆಯಲ್ಲಿ ಆ ಪುಟವನ್ನೇ ಹಾಕಬಹುದಾ? ಗೆಜೆಟಿಯರ್‌ನಲ್ಲಿ ನಮ್ಮ ಸೀಮೆ ಬಗ್ಗೆ ಎರಡು ಒಳ್ಳೇ ಪುಟ ಇವೆ, ಅದನ್ನೂ ಹಾಕುವ ಆಸೆ.

ಕೋರ್ಟು ಕಚೇರಿ:
ರಾಜ್ಯಪತ್ರದ ಪುಟ ಧಾರಾಳವಾಗಿ ಹಾಕಿ. 1957ರ ಕೃತಿಸ್ವಾಮ್ಯ ಕಾಯ್ದೆ ಕಲಂ 52ರಲ್ಲಿ ಇದಕ್ಕೆ ವಿನಾಯಿತಿ ಇದೆ. ರಾಜ್ಯಪತ್ರದಲ್ಲಿ ಬಂದ ವಿಷಯವನ್ನು ಮರುಮುದ್ರಿಸಿದರೆ ಉಲ್ಲಂಘನೆ ಅಲ್ಲ. ಕಾಯ್ದೆಗಳ ಪಠ್ಯಕ್ಕೆ ಬೇರೆ ಷರತ್ತಿದೆ, ಅದು ನಿಮಗೆ ಬೇಡ. ಸದನದಲ್ಲಿ ಮಂಡಿಸಿದ ಆಯೋಗ, ಸಮಿತಿಗಳ ವರದಿಗೂ ಸರ್ಕಾರ ನಿಷೇಧಿಸದಿದ್ದರೆ ಇದೇ ವಿನಾಯಿತಿ.

ಗೆಜೆಟಿಯರ್ ಹಾಗಲ್ಲ. ಅದು ಸರ್ಕಾರದ ಕೃತಿ, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. 1971ರದ್ದು 2031ರ ಕೊನೆವರೆಗೆ. ಹಾಗಂತ ಹೆದರಬೇಡಿ. ನಾಲ್ಕು ಸಾಲು ತಗೊಂಡು ಎಲ್ಲಿಂದ ಅಂತ ಬರೆದರೆ ಯಾರೂ ಏನೂ ಅನ್ನುವುದಿಲ್ಲ. ಎರಡು ಪುಟ ಪೂರ್ತಿ ಎತ್ತಿ ಹಾಕಬೇಡಿ, ನಿಮ್ಮ ಮಾತಲ್ಲಿ ಬರೆಯಿರಿ.

ನಿವೃತ್ತ ಗ್ರಂಥಪಾಲಕಿ:
ಪುಸ್ತಿಕೆ ಅಚ್ಚಾದ ಮೇಲೆ ಎರಡು ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕೊಡಿ. ಜೊತೆಗೆ ನಿಮ್ಮ ಈಗಿನ ಊರಿನ ಪಂಚಾಯಿತಿ ಅರಿವು ಕೇಂದ್ರಕ್ಕೂ (ಪಂಚಾಯಿತಿ ಗ್ರಂಥಾಲಯ) ಒಂದು. ಒಳಪುಟದಲ್ಲಿ ಮುಳುಗಿದ ಊರಿನ ಹೆಸರು, ಹೋಬಳಿ, ತಾಲ್ಲೂಕು ಸ್ಪಷ್ಟವಾಗಿ ಹಾಕಿ. ಇಲ್ಲದಿದ್ದರೆ ನಮ್ಮವರು ಅದನ್ನೂ "ಇತರೆ" ಅಂತ ಒಂದು ಕಡೆ ಇಟ್ಟುಬಿಡುತ್ತಾರೆ.

ತರೀಕೆರೆ ತಿರುಗಾಟ:
ಅಮ್ಮ ಆ ಪುಟ ನೋಡಿ ಏನಂದರು?

ಹಿನ್ನೀರ ದಂಡೆ:
ತಾತನ ಹೆಸರು ತೋರಿಸಿದೆ. ಅದನ್ನು ನೋಡಿ ಸುಮ್ಮನಾದರು. ಆಮೇಲೆ ಚಕ್ಕುಬಂದಿ ಓದು ಅಂದರು. ಪೂರ್ವಕ್ಕೆ ಓಣಿ, ಉತ್ತರಕ್ಕೆ ಹಳ್ಳ, ಪಶ್ಚಿಮಕ್ಕೆ ಇನ್ನೊಬ್ಬರ ಜಮೀನು. ಆ ಇನ್ನೊಬ್ಬರ ಹೆಸರು ಕೇಳಿದ ತಕ್ಷಣ ಎದ್ದು ಕೂತರು. ಅವರ ಮಗಳೂ ಅಮ್ಮನೂ ಒಂದೇ ಶಾಲೆಗೆ ಹೋಗುತ್ತಿದ್ದರಂತೆ. ಮಳೆಗಾಲದಲ್ಲಿ ಆ ಹಳ್ಳ ದಾಟಿಸಲು ಅವರಪ್ಪನೇ ಇಬ್ಬರನ್ನೂ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರಂತೆ. ಊರು ಬಿಟ್ಟ ಮೇಲೆ ಅವರು ಯಾವ ಕಡೆ ಹೋದರು ಅಂತ ಗೊತ್ತಿಲ್ಲ. ಅರ್ಧ ಗಂಟೆ ಆ ಹಳ್ಳದ ಕಥೆಯೇ ಆಯಿತು. ನಾನು ಇಲ್ಲಿಯವರೆಗೆ ಅದರ ಹೆಸರನ್ನೇ ಕೇಳಿರಲಿಲ್ಲ.

ಮಂಜ್ರಾಬಾದಿ:
ಆ ಸಂಪುಟದಲ್ಲಿ ಅಕ್ಕಪಕ್ಕದ ಬೇರೆ ಊರುಗಳದ್ದೂ ಇತ್ತಾ? ನಮ್ಮ ಅತ್ತೆ ಮನೆಯವರದ್ದೂ ಆ ಕಡೆಯೇ. ಅವರಿಗೂ ಒಂದು ಕಾಗದ ಇಲ್ಲ.

ಹಿನ್ನೀರ ದಂಡೆ:
ಇನ್ನೂ ನಾಲ್ಕೈದು ಊರು ಇದ್ದವು, ಕಣ್ಣು ಹಾಯಿಸಿದೆ ಅಷ್ಟೇ. ಊರಿನ ಹೆಸರು ನನಗೊಬ್ಬನಿಗೇ ಕಳಿಸಿ, ನೋಡಿಕೊಂಡು ಬರುತ್ತೇನೆ. ಹೇಗೂ ಇನ್ನೊಂದು ಸಲ ಹೋಗಬೇಕು. ಗಡಿಬಿಡಿಯಲ್ಲಿ ಖುಷ್ಕಿ ಜಮೀನಿನ ಚಕ್ಕುಬಂದಿ ಬರೆದುಕೊಳ್ಳೋದೇ ಮರೆತಿದ್ದೇನೆ, ಅಮ್ಮ ದಿನಾ ಕೇಳುತ್ತಿದ್ದಾರೆ. ಈ ಸಲ ಬುಧವಾರ ಹೋಗುತ್ತೇನೆ.